ತಿನ್ನದ ಸೇಬು

ಮನೆಯಿಂದ,
ಮಂಗಳವಾರ ಮಧ್ಯಾಹ್ನ

ಚಿರಂಜೀವಿ ಮಗನಿಗೆ ಅಮ್ಮನ ಮನಸಾರೆ ಆಶೀರ್ವಾದ.

ನಿನ್ನ ಕೆಮ್ಮು ಹೇಗಿದೆ? ಸೇತುವೆಯ ಮೇಲೆ ವೆಲ್ಡಿಂಗ್ ಮಾಡುವಾಗ ಕನ್ನಡಕ ಹಾಕಿಕೊಳ್ಳುತ್ತೀಯೋ, ಇಲ್ಲ ಕಿರಿಕಿರಿ ಎಂದು ಜೇಬಿನಲ್ಲೇ ಇಟ್ಟಿರುತ್ತೀಯೋ? ಫೋನಿನಲ್ಲಿ ಏನು ಕೇಳಿದರೂ ‘ಚೆನ್ನಾಗಿದೀನಮ್ಮ, ಸಿಗ್ನಲ್ ಇಲ್ಲ’ ಎಂದು ಇಟ್ಟುಬಿಡುತ್ತೀಯ. ಕಾಗದಕ್ಕೆ ಸಿಗ್ನಲ್ ಬೇಕಿಲ್ಲ, ಪೂರ್ತಿ ಓದು. ನನ್ನ ಮಂಡಿನೋವು ಇದ್ದ ಹಾಗೇ ಇದೆ. ನಿನ್ನ ಹೆಂಡತಿಯ ವಿಷಯ ಬರೆಯಲೆಂದೇ ಕುಳಿತಿದ್ದೇನೆ.

ಈಚೆಗೆ ಸರ್ಕಾರದ ಕಡೆಯಿಂದ ಒಬ್ಬಳು ವಾರವಾರವೂ ನಮ್ಮ ಮನೆಗೆ ಬರುತ್ತಾಳೆ. ಲೆಕ್ಕದಕ್ಕ ಎಂದು ನಾನೇ ಹೆಸರಿಟ್ಟಿದ್ದೇನೆ. ಏನು ಕೊಂಡಿರಿ, ಎಷ್ಟು ತಿಂದಿರಿ, ಸೋಪು ಯಾವುದು, ಎಲ್ಲವನ್ನೂ ಕೇಳಿ ಬರೆದುಕೊಳ್ಳುತ್ತಾಳೆ. ಊರೂರಲ್ಲಿ ಹೀಗೆ ಕೆಲವು ಮನೆಗಳನ್ನು ಆರಿಸಿದ್ದಾರಂತೆ. ಮನೆಮನೆಯವರು ಖರ್ಚು ಮಾಡುತ್ತಿದ್ದರೆ ದೇಶ ನೆಟ್ಟಗೆ ನಡೆಯುತ್ತಿದೆ ಎಂದರ್ಥ, ಕೈ ಬಿಗಿ ಹಿಡಿದರೆ ಎಲ್ಲೋ ಎಡವಿದೆ ಎಂದರ್ಥವಂತೆ. ನಮ್ಮದೊಂದು ಮನೆ ಸಾವಿರಾರು ಮನೆಗಳ ಪರವಾಗಿ ಉತ್ತರ ಹೇಳುತ್ತದಂತೆ. ಇದನ್ನೆಲ್ಲ ನಂಬುವುದಕ್ಕೆ ನನ್ನ ಕಿವಿಗೇನು ಹೂ ಇಟ್ಟಿದ್ದಾರೆಯೇ? ಇವತ್ತು ಎಣ್ಣೆ ಎಷ್ಟು ಎಂದು ಕೇಳಿದವರು ನಾಳೆ ತೆರಿಗೆ ಕಟ್ಟು ಎನ್ನುವುದಿಲ್ಲ ಎಂದು ಏನು ಗ್ಯಾರಂಟಿ? ಅವಳು ಮೆಟ್ಟಿಲು ಹತ್ತುವ ಸದ್ದು ಕೇಳಿದೊಡನೆ ನಾನು ಎಣ್ಣೆ ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿ, ನಾವು ಏನೂ ಕೊಳ್ಳುವವರಲ್ಲ ಎಂದು ಮುಖ ಸಪ್ಪಗೆ ಮಾಡಿಕೊಂಡು ಕೂರುತ್ತಿದ್ದೆ.

ಆಮೇಲೆ ಒಂದು ದಿನ ನಾನು ಒಳಕೋಣೆಯಲ್ಲಿ ಮಲಗಿದ್ದಾಗ ಲೆಕ್ಕದಕ್ಕ ಬಂದಳು. ನಿನ್ನ ಹೆಂಡತಿ ಸೇಬು, ಬೆಣ್ಣೆ, ದುಬಾರಿ ಸೋಪು, ಎಲ್ಲ ಕೊಂಡೆವು ಎಂದು ಬರೆಸುತ್ತಿದ್ದಾಳೆ! ನನ್ನ ಕಿವಿ ನೆಟ್ಟಗಾಯಿತು. ಸೇಬು ಈ ಮನೆಯ ಹೊಸಿಲು ದಾಟಿ ಎಷ್ಟು ಕಾಲವಾಯಿತೋ. ಹಾಗಿದ್ದರೆ ಹೋಗಿದ್ದು ಎಲ್ಲಿಗೆ? ತವರಿಗೆ ಸಾಗಿಸುತ್ತಿದ್ದಾಳೆ, ಮಗನ ಬೆವರನ್ನು ಅಣ್ಣತಮ್ಮಂದಿರಿಗೆ ಉಣ್ಣಿಸುತ್ತಿದ್ದಾಳೆ ಎಂದೇ ಲೆಕ್ಕ ಹಾಕಿದೆ. ದಿನಾ ಮಧ್ಯಾಹ್ನ ತರಕಾರಿಗೆಂದು ಚೀಲ ಹಿಡಿದು ಹೋದವಳು ಸಂಜೆಗೆ ನಾಲ್ಕು ಈರುಳ್ಳಿ ತರುತ್ತಿದ್ದಳಲ್ಲ, ಅದೂ ನೆನಪಾಯಿತು. ಕಳೆದ ವಾರ ಅವಳ ಹಿಂದೆಯೇ ಹೊರಟೆ. ನನ್ನ ಮಂಡಿಗೆ ಗೊತ್ತು ನಾನು ಪಟ್ಟ ಪಾಡು.

ಅವಳು ಮಾರುಕಟ್ಟೆಗೆ ತಿರುಗಲೇ ಇಲ್ಲ. ಬಸ್ ನಿಲ್ದಾಣದ ಹಿಂದಿನ ಲಾಂಡ್ರಿಯೊಳಗೆ ಹೋದಳು. ಬಾಗಿಲಲ್ಲಿ ಇಣುಕಿದೆ. ಹಬೆಯ ನಡುವೆ ನಿಂತು ಹೋಟೆಲಿನ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು, ಮೊಣಕೈತನಕ ಸುಟ್ಟ ಗುರುತು. ಒಲೆ ತಾಗಿತು ಎಂದು ನನಗೆ ಹೇಳಿದ್ದ ಗುರುತುಗಳವು. ನನ್ನನ್ನು ಕಂಡು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟಳು. ನೀನು ಹಣ ಕಳಿಸುವುದು ನಿಂತು ನಾಲ್ಕು ತಿಂಗಳಾಯಿತಂತೆ. ನಾವು ಉಣ್ಣುತ್ತಿರುವುದು ಆ ಇಸ್ತ್ರಿಯ ಕೂಲಿ. ಹಾಗಾದರೆ ಆ ಸೇಬು, ಬೆಣ್ಣೆ ಏನೇ ಎಂದು ಕೇಳಿದೆ.

“ಮನೆ ಯಜಮಾನ್ರು ದುಡ್ಡು ಕಳಿಸ್ತಿಲ್ಲ ಅಂತ ಸರ್ಕಾರಿ ಕಾಗದದಲ್ಲಿ ಹೇಗೆ ಬರೆಸ್ಲಿ ಅತ್ತೆ?” ಎಂದಳು.

ನನಗೆ ನಾಚಿಕೆಯಾಯಿತು. ಅಲ್ಲೇ ಬಟ್ಟೆಗಂಟಿನ ಮೇಲೆ ಕೂತು ಅತ್ತುಬಿಟ್ಟೆ. ಇನ್ನು ಜನ ಧಾರಾಳವಾಗಿ ಖರ್ಚು ಮಾಡುತ್ತಿದ್ದಾರೆ, ದೇಶ ಮುಂದೆ ಹೋಗುತ್ತಿದೆ ಎಂದು ಪೇಪರಿನವರು ಬರೆದರೆ ನಾನಂತೂ ನಂಬುವುದಿಲ್ಲ. ಎಷ್ಟು ಮನೆಯ ಸೊಸೆಯರು ಇಲ್ಲದ ಬೆಣ್ಣೆ ಬರೆಸಿದ್ದಾರೋ, ಎಷ್ಟು ಮನೆಯ ಅತ್ತೆಯರು ಇದ್ದ ಎಣ್ಣೆ ಅಡಗಿಸಿದ್ದಾರೋ, ಯಾರಿಗೆ ಗೊತ್ತು.

ಬಿಸಿನೀರು ಕುಡಿ, ಎದೆಗೆ ಗಾಳಿ ಬಡಿಯದ ಹಾಗೆ ನೋಡಿಕೋ. ನಾನು ಕಾಗದ ಬರೆದದ್ದು ಇವಳಿಗೆ ಗೊತ್ತಿಲ್ಲ. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ.

ಇತಿ,
ನಿನ್ನ ಅಮ್ಮ

ಮತ್ತೊಂದು ಮಾತು: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಸುತ್ತಿ ಬಳಸಿ ಹೇಳಲಾರೆ. ನಿನ್ನ ಕೆಲಸ ಹೋಗಿದ್ದರೆ ಇಂದೇ ಹೊರಟು ಬಾ, ಇದ್ದುದರಲ್ಲೇ ಮೂವರೂ ಉಣ್ಣೋಣ. ಕೆಲಸ ಇದ್ದೂ ಆ ದುಡ್ಡು ಅಲ್ಲಿ ಇನ್ನೊಂದು ಸಂಸಾರಕ್ಕೆ ಖರ್ಚಾಗುತ್ತಿದ್ದರೆ ಅದನ್ನೂ ಮುಚ್ಚಿಡದೆ ಬರೆ. ಆಗ ನೀನು ಬರುವುದು ಬೇಡ. ನಾನು ಇವಳ ಜೊತೆಗೇ ಇರುತ್ತೇನೆ. ಲಾಂಡ್ರಿಯಲ್ಲಿ ಬಟ್ಟೆ ಮಡಿಸುವ ಕೆಲಸವನ್ನು ಕೂತೇ ಮಾಡಬಹುದಂತೆ, ಕೇಳಿಕೊಂಡು ಬಂದಿದ್ದೇನೆ.