ತಂಗಿಯ ಗಾಡಿಯ ಅಚ್ಚು ನೇರ ಮಾಡಿದವಳ ಅಹವಾಲು

ಶಾಲಾ ವಿಜ್ಞಾನ ಸ್ಪರ್ಧೆಯ ಮುಖ್ಯ ತೀರ್ಪುಗಾರರಿಗೆ,

ಮಾನ್ಯರೇ,

ಕಳೆದ ಶನಿವಾರ ತಾವು ಎಂಟನೇ ತರಗತಿಯ ಒಬ್ಬ ಹುಡುಗಿಯನ್ನು ಮೈಕಿನಲ್ಲಿ ಸುಳ್ಳುಗಾತಿ ಎಂದು ಕರೆದು ಸ್ಪರ್ಧೆಯಿಂದ ಹೊರಗೆ ಹಾಕಿದಿರಿ. ಅವಳು ನನ್ನ ತಂಗಿ. ಹಾಗೆ ಮಾಡಲು ಬೇಕಾದ ಸಾಕ್ಷಿಯನ್ನು ತಮ್ಮ ಕೈಗಿಟ್ಟವಳು ನಾನು. ಆ ಸಾಕ್ಷಿ ಸುಳ್ಳಲ್ಲ, ಆದರೆ ಅರ್ಧ. ಉಳಿದರ್ಧವನ್ನು ತಾವು ಕೇಳಲಿಲ್ಲ, ನಾನು ಹೇಳಲಿಲ್ಲ. ತಾವು ಕೇಳದಿದ್ದಕ್ಕೆ ಊಟದ ಹೊತ್ತಾಗಿದ್ದು ಕಾರಣವಿರಬಹುದು. ನಾನು ಹೇಳದಿದ್ದಕ್ಕೆ ಇರುವ ಕಾರಣ ಅದಕ್ಕಿಂತ ಕೆಟ್ಟದ್ದು. ಅವಳಿಗೆ ಅವಮಾನವಾದದ್ದು ಎಲ್ಲರ ಮುಂದೆ. ಆದ್ದರಿಂದ ಈ ಪತ್ರವನ್ನೂ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು. ಯಾರೂ ಬಿಡಿಸಲಿಲ್ಲ. ಬೆಂಚಿನ ಮೇಲೆ ಕೂರಲಾಗದೆ ನಾನೇ ಎದ್ದು ಬಂದೆ. ಆಮೇಲೆ ಪ್ರೆಸ್ಸು, ಗಾಜಿನ ಅಂಗಡಿ, ಬೀಗದ ಕೈ ಮಾಡುವ ಗೂಡಂಗಡಿ ಎಂದು ಸುತ್ತಿ, ಈಗ ಹೊಲಿಗೆ ಯಂತ್ರ ರಿಪೇರಿ ಅಂಗಡಿಯಲ್ಲಿದ್ದೇನೆ. ಅಲ್ಲಿ ಕಲಿತ ಒಂದು ಚಟವಿದೆ: ಓರೆಯಾಗಿರುವುದು ಏನೇ ಕಂಡರೂ ಕೈ ತುರಿಸುತ್ತದೆ. ಹೋಟೆಲಿನಲ್ಲಿ ಕೂತರೆ ಅಲ್ಲಾಡುವ ಮೇಜಿನ ಕಾಲಿಗೆ ಕಾಗದ ಮಡಚಿ ಇಡದೆ ನನಗೆ ಕಾಫಿ ಇಳಿಯುವುದಿಲ್ಲ.

ನನ್ನ ತಂಗಿ ಇದಕ್ಕೆ ತದ್ವಿರುದ್ಧ. ಮನೆಯಲ್ಲಿ ಅವಳನ್ನು ಕರೆಯುವುದೇ ಅಳತೆಪಟ್ಟಿ ಎಂದು. ಏನನ್ನೂ ಸರಿಮಾಡಲು ಹೋಗುವುದಿಲ್ಲ, ಮೊದಲು ಅಳೆಯುತ್ತಾಳೆ. ತಮ್ಮ ಸ್ಪರ್ಧೆಯ ನಿಯಮ ಓದಿದ ದಿನವೇ ಅವಳಿಗೆ ಹುಚ್ಚು ಹಿಡಿಯಿತು. ರಬ್ಬರ್ ಬ್ಯಾಂಡಿನ ಬಲದಿಂದ ಓಡುವ ಪುಟ್ಟ ಗಾಡಿ. ಗೆರೆಯಿಂದ ಹೊರಟು, ದೂರದ ಗುರುತಿನ ಮೇಲೆ ತಾನಾಗಿಯೇ ನಿಲ್ಲಬೇಕು. ಹೆಚ್ಚು ಹತ್ತಿರ ನಿಂತದ್ದು ಗೆಲ್ಲುತ್ತದೆ. ಎರಡು ಓಟ, ಅದರಲ್ಲಿ ಒಳ್ಳೆಯದು ಲೆಕ್ಕಕ್ಕೆ. ನಡುವೆ ದಿಕ್ಕು, ದೂರ ಹೊಂದಿಸಿಕೊಳ್ಳಬಹುದು, ರಿಪೇರಿ ಇಲ್ಲ. ಬೇರೆಯವರು ಕೈ ಹಾಕುವಂತಿಲ್ಲ.

ಗಾಡಿಯ ಮೈಗೆ ನಮ್ಮ ಅಂಗಡಿಯ ಪ್ಲೈವುಡ್ ಚೂರು, ಚಕ್ರಕ್ಕೆ ಹಳೆಯ ಸೀಡಿಗಳು. ಹಿಂದಿನ ಅಚ್ಚು ಒಂದು ಉದ್ದನೆಯ ಬೋಲ್ಟು. ಚಕ್ರ ತಿರುಗಿದಂತೆ ಅದರ ಮೇಲಿನ ನಟ್ಟು ಸರಿಯುತ್ತ ಹೋಗಿ, ಕೊನೆಗೆ ಬಿಗಿದುಕೊಂಡು ಗಾಡಿಯನ್ನು ನಿಲ್ಲಿಸುತ್ತದೆ. ನಟ್ಟನ್ನು ಎಲ್ಲಿಂದ ಹೊರಡಿಸಬೇಕು ಎಂಬುದೇ ಲೆಕ್ಕ. ಮುಂದಿನ ಅಚ್ಚಿನ ತೂತು ಕೊರೆಯುವಾಗ ಅವಳ ಕೈ ಕೊಂಚ ಜಾರಿ ಅಚ್ಚು ಓರೆಯಾಯಿತು. ಗಾಡಿ ಎಡಕ್ಕೆ ಎಳೆಯತೊಡಗಿತು.

"ಕೊಡೇ ಇಲ್ಲಿ, ಎರಡು ನಿಮಿಷದ ಕೆಲಸ," ಎಂದೆ.

"ಮುಟ್ಟಬೇಡ ಅಕ್ಕ. ಓರೆ ಇದ್ರೆ ಇರ್ಲಿ. ದಿನಾ ಒಂದೇ ಥರ ಓರೆ ಹೋಗುತ್ತಲ್ಲ, ಅಷ್ಟು ಸಾಕು."

"ಓರೆ ಗಾಡೀನ ಸ್ಪರ್ಧೆಗೆ ಒಯ್ತೀಯಾ? ಮರ್ಯಾದೆ ಹೋಗುತ್ತೆ ಕಣೇ."

"ಯಾರದು? ನಂದೋ, ನಿಂದೋ?"

ನಮ್ಮ ಕಟ್ಟಡದ ಪಡಸಾಲೆಯ ತುಂಬ ಅವಳ ಸೀಮೆಸುಣ್ಣದ ಗುರುತುಗಳು. ಗಾಡಿ ಎಡಕ್ಕೆ ಎಷ್ಟು ಬಾಗುತ್ತದೋ ಅಷ್ಟು ಬಲಕ್ಕೆ ಮುಖ ಮಾಡಿಸಿ ಬಿಡುವುದು, ಬಾಗಿದ ದಾರಿ ಉದ್ದ ಎಂದು ನಟ್ಟನ್ನು ಅಷ್ಟೇ ಹಿಂದಕ್ಕೆ ಸರಿಸುವುದು. ಎದುರುಮನೆಯ ನರ್ಸ್ ಆಂಟಿ ಡ್ಯೂಟಿ ಮುಗಿಸಿ ಬಂದವರು ಗುರುತು ಅಳಿಸದಂತೆ ಗೋಡೆ ಹಿಡಿದು ನಡೆಯುತ್ತ, "ನಿಮ್ಮ ಅಳತೆಪಟ್ಟಿ ನನ್ನ ಕೈಲಿ ಸರ್ಕಸ್ ಮಾಡಿಸ್ತಾಳಲ್ಲೇ!" ಎಂದು ನಗುತ್ತಿದ್ದರು. ಕೊನೆಕೊನೆಗೆ ಗಾಡಿ ಗುರುತಿನ ಮೇಲೆ ಬಂದು ನಿಲ್ಲುವುದು ಅಭ್ಯಾಸದಂತಾಗಿಬಿಟ್ಟಿತ್ತು.

ಸ್ಪರ್ಧೆಯ ದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಗಾಡಿ ಮೇಜಿನ ಮೇಲಿತ್ತು. ಓರೆ ಅಚ್ಚು ನನ್ನನ್ನೇ ನೋಡುತ್ತಿತ್ತು. ಒಂದು ಕಡೆಯ ತೂತನ್ನು ಕೊಂಚ ಉಜ್ಜಿ, ಇನ್ನೊಂದು ಬದಿಗೆ ತೆಳುವಾದ ತಗಡಿಟ್ಟು ನೇರ ಮಾಡಿದೆ. ಅವಳು ಬಚ್ಚಲಿನಿಂದ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಒಳ್ಳೆಯದು ಮಾಡಿದೆ ಎಂದೇ ನಂಬಿದ್ದೆ. ಅವಳಿಗೆ ಮಾತ್ರ ಹೇಳಲಿಲ್ಲ. ಒಳ್ಳೆಯದೇ ಆಗಿದ್ದರೆ ಯಾಕೆ ಹೇಳಲಿಲ್ಲ? ಈ ಪ್ರಶ್ನೆಯನ್ನು ತಾವು ಕೇಳುವ ಮೊದಲೇ ನಾನು ಕೇಳಿಕೊಂಡಾಗಿದೆ.

ಮುಂದಿನದನ್ನು ತಾವೂ ಕಂಡಿದ್ದೀರಿ, ಆದರೆ ನೋಡಲಿಲ್ಲ. ಮೊದಲ ಓಟದಲ್ಲಿ ಅವಳು ಎಂದಿನಂತೆ ಗಾಡಿಯನ್ನು ಬಲಕ್ಕೆ ಮುಖ ಮಾಡಿಸಿ ಬಿಟ್ಟಳು. ಬಾಗಬೇಕಿದ್ದ ಗಾಡಿ ಬಾಗಲಿಲ್ಲ. ನೆಟ್ಟಗೆ ಹೋಗಿ ಬೆಂಚಿನ ಕಾಲಿಗೆ ಗುದ್ದಿತು. ಮಕ್ಕಳು ಹೋ ಎಂದರು. ಅವಳು ಅದನ್ನೆತ್ತಿಕೊಂಡು ಚಕ್ರಗಳನ್ನು ನೋಡಿದಳು, ಅಚ್ಚನ್ನು ನೋಡಿದಳು, ಆಮೇಲೆ ಮನೆಯವರ ಸಾಲಿನಲ್ಲಿ ನಿಂತಿದ್ದ ನನ್ನನ್ನು. ಒಂದೇ ಸಲ. ಅಳಲಿಲ್ಲ, ಕೂಗಾಡಲಿಲ್ಲ. ನೆಲದ ಮೇಲೆ ಗಾಡಿಯನ್ನು ಮೆಲ್ಲಗೆ ತಳ್ಳಿ ನೋಡಿದಳು. ಮುಖವನ್ನು ನೇರವಾಗಿ ಗುರುತಿನತ್ತ ತಿರುಗಿಸಿದಳು. ನೇರ ದಾರಿ ಬಾಗಿದ ದಾರಿಗಿಂತ ಚಿಕ್ಕದಲ್ಲವೇ? ನಟ್ಟನ್ನು ಒಂಚೂರು ಮುಂದಕ್ಕೆ ಸರಿಸಿದಳು. ಬಿಟ್ಟಳು. ಗಾಡಿ ಗುರುತಿನಿಂದ ಒಂದು ಬೆರಳಿನಷ್ಟು ಆಚೆ ನಿಂತಿತು. ಅಷ್ಟು ಹತ್ತಿರ ಬೇರೆ ಯಾವುದೂ ಬಂದಿರಲಿಲ್ಲ.

ತಾವು ಗಾಡಿಯನ್ನು ತಿರುವಿ ನೋಡಿ ಕೇಳಿದಿರಿ: "ಇದನ್ನ ನೀನೇ ಮಾಡಿದ್ದಾ ಮರಿ?"

"ಹೂಂ ಸರ್."

"ಬೇರೆ ಯಾರೂ ಕೈ ಹಾಕಿಲ್ವಾ?"

"ಇಲ್ಲ ಸರ್."

ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಇಲ್ಲ ಎಂದಳು. ನನಗೆ ತಡೆಯಲಾಗಲಿಲ್ಲ. "ನಾನು ಹಾಕಿದೀನಿ ಸರ್. ಮುಂದಿನ ಅಚ್ಚು ನೇರ ಮಾಡಿದ್ದು ನಾನು," ಎಂದೆ.

"ಅಂದ್ಕೊಂಡೆ. ಇಷ್ಟು ಶುದ್ಧ ಕೆಲಸ ಮಕ್ಕಳ ಕೈಲಿ ಆಗಲ್ಲ. ನಿಮ್ಮ ಕೈ ಒಳ್ಳೆ ಕೈ ಕಣಮ್ಮ," ಎಂದಿರಿ. ಆಮೇಲೆ ಮೈಕು ಹಿಡಿದು, ಸುಳ್ಳು ಹೇಳುವವರು ವಿಜ್ಞಾನಿಗಳಾಗುವುದಿಲ್ಲ ಎಂದು ಸಭೆಗೆ ಉಪದೇಶ ಮಾಡಿ, ಅವಳನ್ನು ಅನರ್ಹಗೊಳಿಸಿದಿರಿ.

ಉಪದೇಶ ಚೆನ್ನಾಗಿತ್ತು. ಪ್ರಥಮ ಬಹುಮಾನ ಪಡೆದ ಗಾಡಿಯೂ ಚೆನ್ನಾಗಿತ್ತು. ಮೋಟಾರ್ ಶೋರೂಮಿನಿಂದ ಇಳಿದು ಬಂದಂತೆ ಮಿರಮಿರ ಬಣ್ಣ. ಅದರ ಒಡೆಯನಾದ ಹುಡುಗ ರಬ್ಬರನ್ನು ಯಾವ ಕಡೆಗೆ ಸುತ್ತಬೇಕೆಂದು ತಿಳಿಯದೆ ತಂದೆಯ ಮುಖ ನೋಡುತ್ತಿದ್ದ. ತಂದೆ ಕಣ್ಣಿನಲ್ಲೇ ಎಡಕ್ಕೆ ಎನ್ನುತ್ತಿದ್ದರು. ಅವರನ್ನು ತಾವು ಏನೂ ಕೇಳಲಿಲ್ಲ, ಅವರೂ ಬಾಯಿ ಬಿಡಲಿಲ್ಲ. ಹಾಗಾದರೆ ತಮ್ಮ ನಿಯಮ ಯಾರಿಗೆ ಅನ್ವಯಿಸುತ್ತದೆ ಸ್ವಾಮಿ? ಕೈ ಹಾಕಿದವರಿಗೋ, ಬಾಯಿ ಬಿಟ್ಟವರಿಗೋ? ಆದರೂ ಆ ಹುಡುಗನ ಪದಕ ಕಿತ್ತುಕೊಳ್ಳಿ ಎಂದು ಬರೆಯುತ್ತಿಲ್ಲ. ಅವನ ತಂದೆಯ ಮೇಲೆ ಬೆರಳು ತೋರಿಸುವ ಮುಖ ನನಗಿಲ್ಲ. ನನ್ನ ತಪ್ಪು ಅವರದಕ್ಕಿಂತ ದೊಡ್ಡದು.

ಹೇಗೆಂದರೆ, ನನ್ನ ಕೈಯನ್ನು ತಾವು ಹೊಗಳಿದಾಗ ನನಗೆ ಹಿತವೆನಿಸಿತು. ಶಾಲೆಯ ಕಟ್ಟಡವೊಂದರೊಳಗೆ, ಕೋಟು ಹಾಕಿದವರೊಬ್ಬರು ನನಗೆ ಒಳ್ಳೆಯ ಮಾತು ಹೇಳಿದ್ದು ಅದೇ ಮೊದಲು. ಆಗಲೇ ನಾನು ಹೇಳಬೇಕಿತ್ತು: ಸರ್, ಮೊದಲ ಓಟ ಹಾಳಾದದ್ದು ಈ ಒಳ್ಳೆಯ ಕೈಯಿಂದ, ನಾನು ಕೆಡಿಸಿದ ಗಾಡಿಯನ್ನು ನಿಂತ ನಿಲುವಿನಲ್ಲಿ ಅಳೆದು ಗುರಿ ಮುಟ್ಟಿಸಿದವಳು ಈ ಹುಡುಗಿ. ಹೇಳಲಿಲ್ಲ. ನಿಜ ಹೇಳುವವಳು ಎಂದು ಮನೆ ತುಂಬ ಜಂಬ ಕೊಚ್ಚುವ ನಾನು, ನನಗೆ ಮೆಚ್ಚುಗೆ ತಂದಷ್ಟು ನಿಜವನ್ನು ಹೇಳಿ ಉಳಿದದ್ದನ್ನು ನುಂಗಿಕೊಂಡೆ.

ಮನೆಗೆ ಬಂದ ಮೇಲೆ ಕೇಳಿದೆ: "ಗೊತ್ತಿದ್ದೂ ಯಾಕೆ ಸುಳ್ಳು ಹೇಳಿದೆ?"

"ನೀನು ಮಾಡಿದ್ದನ್ನ ನಾನು ಲೆಕ್ಕಕ್ಕೆ ತಗೊಂಡಾಗಿತ್ತಲ್ಲ ಅಕ್ಕ. ಆಮೇಲೆ ಗಾಡಿ ನಂದೇ ಅಲ್ವಾ?" ಎಂದಳು. ಆಮೇಲೆ, "ಅವರು ನಿನ್ನ ಹೊಗಳಿದಾಗ ನೀನು ಯಾಕೆ ನಕ್ಕೆ?" ಎಂದು ಕೇಳಿದಳು.

ಅದಾದ ಮೇಲೆ ನನ್ನೊಡನೆ ಮಾತು ಬಿಟ್ಟಳು. ಈಗ ಅವಳು ಪಡಸಾಲೆಯ ಗುರುತುಗಳನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟಿದ್ದಾಳೆ. ನರ್ಸ್ ಆಂಟಿ ಮಾತ್ರ ಮರೆತು ಇನ್ನೂ ಗೋಡೆ ಹಿಡಿದೇ ನಡೆಯುತ್ತಾರೆ.

ನನ್ನ ಬೇಡಿಕೆ ಇಷ್ಟೇ. ಸ್ಪರ್ಧೆಯ ಮುಂದಿನ ಸುತ್ತಿಗೆ ಇನ್ನೂ ಸಮಯವಿದೆ. ಅದಕ್ಕೆ ಮೊದಲು ಅವಳನ್ನು ಅದೇ ಹಾಲಿಗೆ ಕರೆಸಿ. ಗಾಡಿಯ ಅಚ್ಚನ್ನು ತಮ್ಮ ಕೈಯಿಂದಲೇ, ತಮಗೆ ಬೇಕಾದ ಕಡೆಗೆ, ಬೇಕಾದಷ್ಟು ಓರೆ ಮಾಡಿ. ಒಂದು ಓಟ ಅವಳಿಗೆ ನೋಡಿಕೊಳ್ಳಲು ಬಿಡಿ, ಎರಡನೆಯದನ್ನು ಅಳೆಯಿರಿ. ಗುರುತಿನ ಹತ್ತಿರ ನಿಲ್ಲದಿದ್ದರೆ ತಮ್ಮ ತೀರ್ಪೇ ಸರಿ, ನಾನು ಮತ್ತೆ ಪತ್ರ ಬರೆಯುವುದಿಲ್ಲ. ನಿಂತರೆ ಅವಳನ್ನು ಮುಂದಿನ ಸುತ್ತಿಗೆ ಕಳಿಸಿ, ಮತ್ತು ಅದೇ ಮೈಕಿನಲ್ಲಿ ಹೇಳಿ: ಕೆಡಿಸಿದ್ದು ಅಕ್ಕ, ಗೆಲ್ಲಿಸಿದ್ದು ತಂಗಿ. ಮೊದಲರ್ಧ ಹೇಳಲು ತಮಗೆ ಮುಜುಗರವಾದರೆ ಮೈಕು ನನ್ನ ಕೈಗೆ ಕೊಡಿ. ಈ ಸಲ ನಗದೆ ಹೇಳುತ್ತೇನೆ.

ಇಂತಿ,
ತಾವು ಮೆಚ್ಚಿದ ಕೈಯುಳ್ಳವಳು,
ತಂಗಿ ಮಾತು ಬಿಟ್ಟ ಅಕ್ಕ