ಕಾಲೇ ಕೀಲಿಕೈ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಮೂರು ವಾರದಿಂದ ನಿನ್ನ ಫೋನು ಎತ್ತದೆ 'ಮೀಟಿಂಗಿನಲ್ಲಿದ್ದೇನೆ' ಅಂತ ಸಂದೇಶ ಕಳಿಸುತ್ತಿದ್ದವನು ಈಗ ಕಾಗದ ಬರೆದಿದ್ದಾನೆ ಅಂದರೆ ನೀನು ಗಾಬರಿಯಾಗುತ್ತೀಯ. ಬೇಡ. ಮೊದಲು ಸುದ್ದಿ ಓದು, ಆಮೇಲೆ ಬೈ. ನಮ್ಮ ತಂಗಿ ನಾಳೆಯಿಂದ ಮತ್ತೆ ಡ್ಯೂಟಿಗೆ ಹೋಗುತ್ತಾಳೆ. ಕಳ್ಳಿ ಅಂದ ಬಾಯಿಗಳೇ ಕ್ಷಮೆ ಕೇಳಿವೆ. ನಿನ್ನೆ ಹೊಟ್ಟೆತುಂಬ ಉಂಡಳು, ನನ್ನ ಪಾಲನ್ನೂ ಬಿಡಲಿಲ್ಲ. ಗೋಳು ಹೋಯಿತು, ಕೂಳು ಸೇರಿತು.

ಫೋನಿನಲ್ಲಿ ನಿನಗೆ ಸಿಕ್ಕಿದ್ದು ಅವಳ ಅಳು ಮಾತ್ರ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ಅವಳ ಆಸ್ಪತ್ರೆಯ ಔಷಧದ ಕೋಣೆಗೆ ಹೊಸ ಬಾಗಿಲು ಹಾಕಿಸಿದ್ದರು. ಬೀಗದಕೈ ಇಲ್ಲ, ಬೆರಳು ಒತ್ತುವುದೂ ಇಲ್ಲ. ಬಾಗಿಲ ಮುಂದಿನ ನೆಲದಡಿ ಒಂದು ಯಂತ್ರ. ನಡೆದು ಬರುವವರ ಹೆಜ್ಜೆಯಿಂದಲೇ ಇಂಥವರು ಅಂತ ಗುರುತಿಸಿ ತೆರೆಯುತ್ತದೆ, ಬಂದವರ ಹೆಸರು ಬರೆದಿಟ್ಟುಕೊಳ್ಳುತ್ತದೆ. ಎರಡೂ ಕೈಯಲ್ಲಿ ಟ್ರೇ ಹಿಡಿದ ನರ್ಸುಗಳಿಗೆ ಅನುಕೂಲ. ಒಬ್ಬರ ನಡಿಗೆ ಇನ್ನೊಬ್ಬರಿಗಿಲ್ಲ ಅಂತ ಮಾರಿದವರು ಹೇಳಿಹೋಗಿದ್ದರು. 'ಕಾಲೇ ಕೀಲಿಕೈ, ಕಳ್ಳನಿಗೆ ಬರಿಗೈ' ಅಂತ ನಾನೂ ಪ್ರಾಸ ಕಟ್ಟಿ ಅವಳನ್ನು ರೇಗಿಸಿದ್ದೆ. ಬಾಯಿ ಸುಮ್ಮನಿರಬೇಕಿತ್ತು.

ಒಂದು ಮಧ್ಯಾಹ್ನ ನೋವಿನ ಇಂಜೆಕ್ಷನ್ನಿನ ಪೆಟ್ಟಿಗೆ ಕಾಣೆಯಾಯಿತು. ಆಗ ಒಳಹೊಕ್ಕವಳು ನಮ್ಮ ತಂಗಿ ಅಂತ ಯಂತ್ರ ಹೇಳಿತು. ಅವಳೋ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಸಾಕ್ಷಿ ಒದ್ದೆ ಬಟ್ಟೆ. "ಮನುಷ್ಯರು ಸುಳ್ಳು ಹೇಳ್ತಾರಮ್ಮ, ಯಂತ್ರ ಹೇಳಲ್ಲ" ಅಂದು ಆಸ್ಪತ್ರೆಯ ಮೇಲಧಿಕಾರಿ ಅವಳನ್ನು ಮನೆಗೆ ಕಳಿಸಿದರು. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ನೇರ ನನ್ನ ಮನೆಗೆ ಬಂದಳು. "ಅಣ್ಣಾ, ಜೀವಮಾನವೆಲ್ಲ ಬೀಗ ಮುರಿಯೋದನ್ನೇ ಓದಿದ್ದೀಯಲ್ಲ, ಒಂದು ಸಲ ನನಗೋಸ್ಕರ ಮುರಿ" ಅಂದಳು. ನನ್ನ ಸಂಶೋಧನೆಯನ್ನು ನಮ್ಮ ಮನೆಯವರೊಬ್ಬರು ಇಷ್ಟು ಸರಿಯಾಗಿ ಹೇಳಿದ್ದು ಇದೇ ಮೊದಲು. ಹೊಸ ಯಂತ್ರಗಳ ಹುಳುಕನ್ನು ಕಳ್ಳನಿಗಿಂತ ಮುಂಚೆ ಹುಡುಕಿ, ಅವನ್ನು ತಯಾರಿಸಿದವರಿಗೆ ಹೇಳುವುದು. ಅಷ್ಟೇ ಅಲ್ಲವೇ ನಮ್ಮ ಕೆಲಸ?

ನನ್ನ ಕೈಕೆಳಗೆ ಸಂಶೋಧನೆ ಮಾಡುವವಳೊಬ್ಬಳಿದ್ದಾಳೆ. ಬೆಳಗಾಯಿತು ಅಂದರೂ ಕಿಟಕಿಗೆ ಹೋಗಿ ನೋಡಿ ಬರುವವಳು. ನಾವೆಲ್ಲ ಅನುಮಾನಮ್ಮ ಅನ್ನುತ್ತೇವೆ. ಯಂತ್ರಕ್ಕೆ ಕಲಿಸಲು ಬಳಸಿದ್ದ ನಡಿಗೆಗಳನ್ನೆಲ್ಲ ಕಂಪನಿಯಿಂದ ತರಿಸಿ ಜಾಲಾಡಿದಳು. "ಸರ್, ಬರೀ ಗಟ್ಟಿಮುಟ್ಟಾದೋರನ್ನೇ ನಡೆಸಿದ್ದಾರೆ. ಕುಂಟೋರನ್ನ ಇದು ಕಂಡೇ ಇಲ್ಲ ಅನ್ನಬಹುದು. ಕಾಣದೋರೆಲ್ಲ ಇದಕ್ಕೆ ಒಬ್ಬರೇ" ಅಂದಳು. ಆ ಆಸ್ಪತ್ರೆಯ ಸಿಬ್ಬಂದಿಯಲ್ಲಿ ಕುಂಟುವವಳು ತಂಗಿಯೊಬ್ಬಳೇ. ಯಾರು ಕಾಲೆಳೆದು ಬಂದರೂ ಬಾಗಿಲಿಗೆ ಅವಳೇ! ಅಪ್ಪನ ಕಾಲಿನ ಕಾಯಿಲೆ ಮೂವರಲ್ಲಿ ಅವಳೊಬ್ಬಳಿಗೇ ಬಂತು, ನಾವಿಬ್ಬರು ಪಾರಾದೆವು ಅಂತ ನೀನು ಕಣ್ಣೊರೆಸಿಕೊಳ್ಳುತ್ತಿದ್ದೆಯಲ್ಲ, ಆ ಕಾಲೇ ಅವಳ ಮೇಲೆ ಸಾಕ್ಷಿ ಹೇಳಿತ್ತು.

ನಮ್ಮ ಲೆಕ್ಕಾಚಾರ ಕೇಳಿ ಮೇಲಧಿಕಾರಿ ಆಕಳಿಸಿದರು. "ಬಾಗಿಲು ತೆಗೆದು ತೋರಿಸಿ, ಆಮೇಲೆ ಮಾತಾಡೋಣ." ಸರಿ, ತಂಗಿಯ ನಡಿಗೆ ನಟಿಸಲು ನಾನೇ ನಿಂತೆ. ಹಜಾರದಲ್ಲಿ ತಾಲೀಮು ಕೊಟ್ಟವಳು ಅವಳೇ. "ಅಷ್ಟೊಂದು ಬೇಡ ಮಾರಾಯ, ನಾನೇನು ಯುದ್ಧದಿಂದ ಬಂದೋಳಾ?"

ಗುರುವಾರ ಎಲ್ಲರೂ ಸೇರಿದರು. ಯಂತ್ರದಲ್ಲಿ ಹೆಸರಿಲ್ಲದ ಮೇಲಧಿಕಾರಿ ಮಾಮೂಲಿನಂತೆ ನಡೆದರು, ಬಾಗಿಲು ಕದಲಲಿಲ್ಲ. ಅನುಮಾನಮ್ಮನೂ ಹಾಗೇ ನಡೆದಳು, ಊಹೂಂ. ನಾನು ನಡೆದೆ. ಬಾಗಿಲು ಸರಿಯಿತು, ನನ್ನ ಮೀಸೆಯ ಎದುರು ಯಂತ್ರದ ಪರದೆಯ ಮೇಲೆ ತಂಗಿಯ ಫೋಟೊ ಬಂತು! ಪಕ್ಕದಲ್ಲಿದ್ದ ತಂಗಿ ನಕ್ಕಳು, ನಗುತ್ತಲೇ ಅತ್ತಳು. ಮಿಕ್ಕವರು ಚಪ್ಪಾಳೆ ತಟ್ಟಿದರು. "ನಾಟಕದಲ್ಲಿ ಪಾರ್ಟು ಮಾಡ್ತಿದ್ರಾ?" ಅಂದರು ಮೇಲಧಿಕಾರಿ.

ಹಾಗಾದರೆ ಆವತ್ತು ಕುಂಟಿದವರು ಯಾರು ಅಂತ ವಾರ್ಡುಗಳನ್ನು ಹುಡುಕಿದರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ನಿವೃತ್ತ ಬಸ್ ಡ್ರೈವರೊಬ್ಬರು ಸಿಕ್ಕರು, ಪೆಟ್ಟಿಗೆ ಸಮೇತ. ಬಚ್ಚಿಟ್ಟಿರಲಿಲ್ಲ, ಅದರ ಮೇಲೆ ಕಾಲಿಟ್ಟು ಮಲಗಿದ್ದರು. "ಕಾಲು ಎತ್ತರಕ್ಕಿಡಿ ಅಂದಿದ್ರು ಡಾಕ್ಟರು. ನಡೆಯೋ ಅಭ್ಯಾಸಕ್ಕೆ ಹೋದೆ, ಬಾಗಿಲು ತಾನೇ ತೆರೀತು. ನನಗೇ ಇಟ್ಟಿದಾರೆ ಅಂದ್ಕೊಂಡೆ." ಹಾಸಿಗೆ ಬದಲಿಸುವವರು ಪೆಟ್ಟಿಗೆಗೂ ಒಂದು ಹೊದಿಕೆ ಹಾಕಿಹೋಗಿದ್ದರು. ಒಂದು ಸೀಸೆಯೂ ಕಮ್ಮಿಯಿರಲಿಲ್ಲ.

ಕಂಪನಿಯವರು ಎಲ್ಲ ಕಡೆ ಆ ಬೀಗ ನಿಲ್ಲಿಸಿದ್ದಾರೆ. ಕುಂಟುವವರು, ಊರುಗೋಲಿನವರು, ಬಸುರಿಯರು, ಎಲ್ಲರನ್ನೂ ನಡೆಸಿ ಹೊಸದಾಗಿ ಕಲಿಸುತ್ತಾರಂತೆ. ತಂಗಿಯೇ ಮೊದಲ ಗುರು. ಯಂತ್ರ ಪಾಠ ಒಪ್ಪಿಸದಿದ್ದರೆ ಬೆತ್ತ ಹಿಡಿಯಬಹುದಾ ಅಂತ ಕೇಳಿದಳು.

ಹೋದ ಜೀವ ಬಂದಹಾಗಿದೆ ಅಕ್ಕ. ಭಾವನಿಗೆ ನಮಸ್ಕಾರ, ಮಕ್ಕಳು ನೂರ್ಕಾಲ ಚೆನ್ನಾಗಿರಲಿ. ನಿನ್ನ ಹರಸುವ ಕೈ ನಮ್ಮಿಬ್ಬರ ತಲೆಯ ಮೇಲೂ ಇರಲಿ. ಕೈ ನೋವಾದರೆ ಸರದಿ ಮೇಲೆ ಇಡು.

ಇಂತಿ,
ಬೈಗುಳಕ್ಕೆ ಕಾದಿರುವ ನಿನ್ನ ತಮ್ಮ

ತಾ.ಕ.: ಫೋನು ಮಾಡದೆ ಬರೆದದ್ದಕ್ಕೆ ಕಾರಣವಿದೆ. ನನ್ನ ದನಿ ಕೇಳಿದರೆ ನೀನು ಯಾವ ಯಂತ್ರಕ್ಕಿಂತಲೂ ಬೇಗ ಹಿಡಿದುಬಿಡುತ್ತೀಯ. ಗುರುವಾರ ಅಷ್ಟು ಜನರನ್ನು ಕಂಡ ಗಾಬರಿಗೆ ತಾಲೀಮೆಲ್ಲ ಮರೆತುಹೋಗಿತ್ತು. ನಾನು ನಟಿಸಲೇ ಇಲ್ಲ. ದಿನಾ ನಡೆಯುವ ಹಾಗೇ ನಡೆದೆ, ಬಾಗಿಲು ತೆರೆಯಿತು. ಅನುಮಾನಮ್ಮ ಮಾತ್ರ ಚಪ್ಪಾಳೆ ತಟ್ಟದೆ ನನ್ನ ಕಾಲನ್ನೇ ನೋಡುತ್ತಿದ್ದಳು. ಬುಧವಾರ ಡಾಕ್ಟರ ಹತ್ತಿರ ಹೋಗುತ್ತೇನೆ. ತಂಗಿಗೆ ಈಗಲೇ ಹೇಳಬೇಡ, ಈ ವಾರ ನಗುನಗುತ್ತ ಇರಲಿ. ಹೋದ ಸಲ ನೀನು "ಯಾಕೋ ಬಲಗಾಲಿನ ಚಪ್ಪಲಿ ಎಳೀತಿದ್ದೀಯ?" ಅಂದಾಗ ಅಳತೆ ದೊಡ್ಡದು ಅಂದಿದ್ದೆ. ಅಳತೆ ಸರಿಯಾಗೇ ಇದೆ ಅಕ್ಕ.