ಹೂಂ ಅನ್ನುವ ಮೊದಲೇ

ಗೆಳೆಯಾ,

ನಿನ್ನ ವಿಳಾಸ ಇಲ್ಲಿ ಯಾರಿಗೂ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ನೀನು ದುಡುಕಿ ಪೆಡಲ್ ತುಳಿದ ದಿನದಿಂದ ನನ್ನ ಬಲಗೈಯಲ್ಲಿ ತಗಡು ನಿಲ್ಲುವುದಿಲ್ಲ. ಹಾಗಾಗಿ ತಗಡು ಮಡಚುವ ಯಂತ್ರದಲ್ಲಿ ಮೇಸ್ತ್ರಿ ನನ್ನನ್ನು ನಿನ್ನ ಜಾಗಕ್ಕೇ ಹಾಕಿದ್ದಾನೆ. ತಗಡು ಹಿಡಿದವನು "ಹೂಂ" ಅಂದಮೇಲೇ ತುಳಿಯಬೇಕು, ಅದೇ ನಮ್ಮ ಹಳೇ ಕಟ್ಟಳೆ.

ಇವತ್ತು ತಗಡು ಹಿಡಿದಿದ್ದ ಹೊಸಬ ಬಾಯಿ ತೆರೆಯುವ ಮೊದಲೇ ನನ್ನ ಕಾಲು ತಾನಾಗಿ ಇಳಿಯಿತು. ಅವನ ಬೆರಳುಗಳು ಕೂದಲೆಳೆ ಅಂತರದಲ್ಲಿ ಉಳಿದವು.

"ಏನಣ್ಣಾ, ನಿದ್ದೆ ಬಂತಾ?" ಎಂದು ನಕ್ಕುಬಿಟ್ಟ.

ಮನೆಗೆ ಬಂದು ಬೂಟು ಬಿಚ್ಚಿದರೂ ಆ ಕಾಲಿನ ನಡುಕ ನಿಂತಿಲ್ಲ. ನಾಳೆ ಇದೇ ಕಾಲನ್ನು ಮತ್ತೆ ಪೆಡಲಿನ ಮೇಲಿಡಬೇಕು.

ಅವತ್ತು ಆಸ್ಪತ್ರೆಯಲ್ಲಿ ನೀನು ಬಾಗಿಲಲ್ಲೇ ನಿಂತಿದ್ದೆ. ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ. ನಿನ್ನ ಕಾಲೂ ಹೀಗೇ ನಡುಗುತ್ತಿತ್ತೇನೋ. ನನ್ನ ಹಾಸಿಗೆಯ ಪಕ್ಕದಲ್ಲಿ ಕುರ್ಚಿ ಖಾಲಿಯೇ ಇತ್ತು.